ಸೀಮಂತ ಮಾಡಿದರೆ ರಕ್ತ ಜಾಸ್ತಿ ಆಗುತ್ತಾ?

"ಅಲ್ಲಾ, ಅಂಗನವಾಡಿಯಲ್ಲಿ ಸೀಮಂತ ಯಾಕೆ? ಮಾತ್ರೆ ಕೊಡಿ, ಊಟ ಹಾಕಿ, ನಾಲ್ಕು ಮಾತು ಹೇಳಿ ಕಳಿಸಿ. ಬಳೆ ತೊಡಿಸಿ ಆರತಿ ಎತ್ತಿದ್ರೆ ರಕ್ತ ಜಾಸ್ತಿ ಆಗುತ್ತಾ?"

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಅಂಗನವಾಡಿ ಟೀಚರ್. ಈ ಪ್ರಶ್ನೆ ಕೇಳದ ನೆಂಟರಿಲ್ಲ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ. ಬೆಂಗಳೂರಲ್ಲಿ ಕೆಲಸಕ್ಕಿರುವ ನನ್ನ ಮಗನೇ ಕೇಳುತ್ತಾನೆ, ಅದೂ ನಗಾಡಿಕೊಂಡು. ಇಷ್ಟು ದಿನ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಒಂದು ಸಲ ಬರೆದಿಟ್ಟುಬಿಡೋಣ ಅನ್ನಿಸಿತು. ಮುಂದೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ಮೊದಲು ಇದೇನು ಅಂತ ಹೇಳುತ್ತೇನೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪೋಷಣ್ ಅಭಿಯಾನ ಶುರು ಮಾಡಿತು. ಅದರ ಪ್ರಕಾರ ಅಂಗನವಾಡಿಯವರು ತಿಂಗಳಿಗೆ ಎರಡು ಸಲ ಊರವರನ್ನು ಸೇರಿಸಿ ಕಾರ್ಯಕ್ರಮ ಮಾಡಬೇಕು. ಆರು ತಿಂಗಳು ತುಂಬಿದ ಮಗುವಿಗೆ ಅನ್ನಪ್ರಾಶನ, ಗಂಡಂದಿರನ್ನು ಕೂರಿಸಿಕೊಂಡು ಮಾತಾಡುವ ದಿನ, ಹೀಗೆ. ಬಸುರಿಯರಿಗೆ ಮಾಡುವುದಕ್ಕೆ ಹಿಂದಿಯವರು ಗೋದ್ ಭರಾಯಿ ಅಂತಾರೆ, ನಮ್ಮಲ್ಲಿ ಅದೇ ಸೀಮಂತ. ಒಂದು ಕಾರ್ಯಕ್ರಮಕ್ಕೆ 250 ರೂಪಾಯಿ ಲೆಕ್ಕ. ಸರ್ಕಾರದ ದುಡ್ಡೆಲ್ಲ ಬಳೆಗೆ ಹೋಯ್ತು ಅನ್ನುವವರು 250 ರೂಪಾಯಿಗೆ ಎಷ್ಟು ಹೂವು, ಎಷ್ಟು ಡಜನ್ ಬಳೆ ಬರುತ್ತೆ ಅಂತ ಒಮ್ಮೆ ಅಂಗಡಿಗೆ ಹೋಗಿ ಕೇಳಿ ಬರಲಿ. ಮಿಕ್ಕಿದ್ದನ್ನು ಊರವರೇ ಹೊಂದಿಸುತ್ತಾರೆ. ತೆಂಗಿನಕಾಯಿ ಒಬ್ಬರ ತೋಟದ್ದು, ವೀಳ್ಯದೆಲೆ ಇನ್ನೊಬ್ಬರದ್ದು.

ಇನ್ನು ನನ್ನ ಉತ್ತರ. ನಾವು ಸೀಮಂತ ಮಾಡುವುದು ಬಸುರಿಗೆ ಅಲ್ಲ. ಅವಳ ಅತ್ತೆಗೆ.

ತಮಾಷೆಗೆ ಹೇಳುತ್ತಿಲ್ಲ. ಮುಂಚೆ ನಾವು ತಾಯಂದಿರ ಸಭೆ ಅಂತ ಮಾಡುತ್ತಿದ್ದೆವು. ಐದಾರು ಜನ ಬಂದರೆ ಹೆಚ್ಚು. ಎಲ್ಲ ಹತ್ತೊಂಬತ್ತು, ಇಪ್ಪತ್ತರ ಹುಡುಗಿಯರು. ತಲೆ ತಗ್ಗಿಸಿ ಕೂತಿರುತ್ತಿದ್ದರು. ಕಬ್ಬಿಣದ ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ನುಂಗಬೇಕು, ಹೆರಿಗೆ ಆದಮೇಲೆ ಮತ್ತೆ 180, ಎಂದು ನಾನು ಹೇಳುವುದು. ಹೂಂ ಮಿಸ್ ಅಂತ ಅವರು ತಲೆ ಆಡಿಸುವುದು. ಒಂದು ಸಲ ಒಬ್ಬಳ ಮನೆ ಹಿತ್ತಲಿಗೆ ಹೋಗಿದ್ದೆ. ತಿಪ್ಪೆಯಲ್ಲಿ ಕೋಳಿ ಏನನ್ನೋ ಕುಕ್ಕುತ್ತಿತ್ತು. ಬಗ್ಗಿ ನೋಡಿದರೆ ನಾನು ಕೊಟ್ಟಿದ್ದ ಕೆಂಪು ಮಾತ್ರೆಗಳು. ಒಂದಲ್ಲ, ಹತ್ತಿಪ್ಪತ್ತು.

ಆ ಹುಡುಗಿಗೆ ಬೈದೆ. ಬೈಯಬಾರದಿತ್ತು. ಎಸೆದವಳು ಅವಳಲ್ಲ. "ಅವನ್ನು ತಿಂದ್ರೆ ಮಗು ಕಪ್ಪಗಾಗುತ್ತೆ ಕಣಮ್ಮ" ಅಂತ ಅವಳ ಅತ್ತೆಯೇ ಹೇಳಿದರು. ಜೊತೆಗೆ ಇನ್ನೊಂದು: ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ. ಈ ಎರಡು ಮಾತು ನಮ್ಮ ಸೀಮೆಯಲ್ಲಿ ಎಲ್ಲ ಮನೆಯಲ್ಲೂ ಕೇಳುತ್ತೆ. ಓದಿದವರು ಮೂಢನಂಬಿಕೆ ಅಂದುಬಿಡುತ್ತಾರೆ. ನನಗೆ ಹಾಗೆ ಅನ್ನಿಸಲ್ಲ. ಆ ಮಾತ್ರೆ ತಿಂದರೆ ಮಲ ಕಪ್ಪಗೆ ಹೋಗುತ್ತೆ. ಅದು ಸಹಜ, ಕಬ್ಬಿಣದ ಗುಣವೇ ಅದು. ಆದರೆ ಅದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಹೊರಗೆ ಬರುವುದು ಕಪ್ಪಾದರೆ ಒಳಗಿರುವುದೂ ಕಪ್ಪಾಗುತ್ತೆ ಅಂತ ಲೆಕ್ಕ ಹಾಕಿದರು. ಇನ್ನು ದಪ್ಪ ಮಗುವಿನ ಭಯ. ಅತ್ತೆಯರು ಹೆತ್ತ ಕಾಲದಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಆಸ್ಪತ್ರೆ ದೂರ, ರಾತ್ರಿ ಬಸ್ಸಿಲ್ಲ. ಮಗು ಸಿಕ್ಕಿಕೊಂಡರೆ ತಾಯಿ ಸತ್ತಳು ಅಂತಲೇ. ಅವರು ಕಣ್ಣಾರೆ ಕಂಡದ್ದನ್ನು ನಾನು ಒಂದು ಚಾರ್ಟ್ ತೋರಿಸಿ ಅಳಿಸಲು ಆಗುತ್ತಾ?

ಸೊಸೆಯ ತಟ್ಟೆಗೆ ಏನು ಬೀಳಬೇಕು, ಅವಳು ಯಾವ ದಿನ ಆಸ್ಪತ್ರೆಗೆ ಹೋಗಬೇಕು, ಕಬ್ಬಿನ ಗದ್ದೆಗೆ ಹೋಗಬೇಕೋ ಬೇಡವೋ, ಇದನ್ನೆಲ್ಲ ತೀರ್ಮಾನ ಮಾಡುವವರು ಅತ್ತೆ. 2017ರ ಅಕ್ಟೋಬರ್‌ನಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಬಂತಲ್ಲ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಅದನ್ನು ಅಲ್ಲೇ ಕೂತು ಉಣ್ಣಬೇಕು ಅಂತ ಇಟ್ಟದ್ದು ಇದಕ್ಕೇ. ಮನೆಗೆ ಕೊಟ್ಟು ಕಳಿಸಿದ ರೇಷನ್ ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಆದರೆ ಅಂಗನವಾಡಿವರೆಗೆ ಬರಲೂ ಅತ್ತೆ ಹೂಂ ಅನ್ನಬೇಕಲ್ಲ! "ಮನೇಲಿ ಅನ್ನ ಇಲ್ವಾ, ಅಲ್ಲಿ ಹೋಗಿ ಯಾಕೆ ತಿನ್ನಬೇಕು" ಅಂತ ಕೇಳಿದವರು ಎಷ್ಟು ಜನ.

ಈ ಅತ್ತೆಯರನ್ನು ತಾಯಂದಿರ ಸಭೆಗೆ ಕರೆದರೆ ಬರಲ್ಲ. ನಂಗೇನು ಹೊಟ್ಟೆನಾ ಅಂತಾರೆ. ಸೀಮಂತ ಅಂದರೆ ಬರುತ್ತಾರೆ. ಬರದೇ ಇರಲು ಆಗಲ್ಲ. ಸೊಸೆಗೆ ಬಳೆ ತೊಡಿಸುವಾಗ ಅತ್ತೆ ಇಲ್ಲದಿದ್ದರೆ ಊರು ಏನಂದೀತು? ಒಳ್ಳೆ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಓರಗಿತ್ತಿಯನ್ನೂ ಕರೆದುಕೊಂಡು ಬರುತ್ತಾರೆ. ಕೆಲವರ ತವರಿನವರೂ ಬಂದಿರುತ್ತಾರೆ. ಒಬ್ಬ ಬಸುರಿಗೆ ನಾಲ್ಕು ಜನ ಹೆಂಗಸರು. ನಾನು ಹತ್ತು ವರ್ಷ ಮನೆ ಮನೆ ಸುತ್ತಿ ಸೇರಿಸಲು ಆಗದವರು ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಚಾಪೆ ಮೇಲೆ ಕೂತಿರುತ್ತಾರೆ.

ನಾವು ಮಾಡುವುದು ಸಣ್ಣದು. ರಂಗೋಲಿ, ಮಾವಿನ ತೋರಣ, ಒಂದು ಕುರ್ಚಿಗೆ ಸೀರೆ ಹೊದಿಸಿದರೆ ಮುಗಿಯಿತು. ಹಸಿರು ಗಾಜಿನ ಬಳೆ ತೊಡಿಸುತ್ತೇವೆ. ವಯಸ್ಸಾದವರು ಇಬ್ಬರು ಸೋಬಾನೆ ಹೇಳುತ್ತಾರೆ. ಮಡಿಲಕ್ಕಿ ಕಟ್ಟುವಾಗ ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ ಜೊತೆ ಒಂದು ಕಟ್ಟು ನುಗ್ಗೆಸೊಪ್ಪು, ಮೊಳಕೆ ಕಟ್ಟಿದ ಹುರುಳಿಕಾಳು, ಒಂದು ಪೊಟ್ಟಣ ರಾಗಿ ಹುರಿಹಿಟ್ಟು. ಮಾತ್ರೆ ಶೀಟನ್ನು ಮಾತ್ರ ಮಡಿಲಿಗೆ ಹಾಕಲ್ಲ. ಎಲ್ಲರ ಎದುರಿಗೆ ಅತ್ತೆ ಕೈಗೇ ಕೊಡುತ್ತೇವೆ. "ಇದು ನಿಮ್ಮ ಜವಾಬ್ದಾರಿ. ಊಟ ಆದಮೇಲೆ ನೀವೇ ಕೊಡಿ. ಟೀ ಕಾಫಿ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡೀಲಿ. ಊಟಕ್ಕೆ ನಿಂಬೆಹಣ್ಣು ಹಿಂಡಿ. ಸುಣ್ಣದ ಮಾತ್ರೆ, ಅದೇ ಕ್ಯಾಲ್ಸಿಯಂ, ಬೇರೆ ಹೊತ್ತಲ್ಲಿ. ಮಲ ಕಪ್ಪಗಾಗುತ್ತೆ, ಹೆದರಬೇಡಿ, ಮಗು ಕಪ್ಪಾಗಲ್ಲ. ಖಾಲಿ ಶೀಟ್ ಮುಂದಿನ ತಿಂಗಳು ನನಗೆ ವಾಪಸ್ ತಂದುಕೊಡಿ." ಅಷ್ಟು ಜನರ ಮುಂದೆ ಇಸ್ಕೊಂಡ ಮಾತ್ರೆಯನ್ನು ತಿಪ್ಪೆಗೆ ಹಾಕಲು ಯಾರಿಗೂ ಮನಸ್ಸು ಬರಲ್ಲ. ಬಂದರೂ, ಶೀಟ್ ಖಾಲಿ ಮಾಡಿ ತರುವಾಗ ಒಂದು ಅಳುಕು ಇರುತ್ತಲ್ಲ.

ಇದಕ್ಕೆ ಪುರಾವೆ ಏನು ಅಂತ ಮಗ ಕೇಳುತ್ತಾನೆ. ಮೊನ್ನೆ ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಸೇರಿಸಿ ನೋಡಿದರು. ಭಾಷಣ ಇಲ್ಲ. ಅದೇ ಊರಿನ ಒಬ್ಬ ಹೆಂಗಸು ಗುಂಪು ನಡೆಸುವುದು, ಹೆರಿಗೆ ಸಮಯದ ತೊಂದರೆ ಏನು, ನಮ್ಮ ಕೈಲಿ ಏನು ಮಾಡಬಹುದು ಅಂತ ಅವರವರೇ ಮಾತಾಡಿಕೊಳ್ಳುವುದು. 2004ರಲ್ಲಿ ಫಲಿತಾಂಶ ಬಂತು. ಗುಂಪು ಇದ್ದ ಕಡೆ ಹುಟ್ಟಿದ ತಿಂಗಳೊಳಗೆ ಸಾಯುವ ಮಕ್ಕಳ ಪ್ರಮಾಣ, ಇಲ್ಲದ ಕಡೆಗಿಂತ ಶೇಕಡಾ 30ರಷ್ಟು ಕಡಿಮೆ. ಆಮೇಲೆ ಜಾರ್ಖಂಡ್, ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಕಥೆ, ಆಟ, ಚಿತ್ರದ ಕಾರ್ಡು ಬಳಸಿ ಮಾಡಿದರು. 2010ರಲ್ಲಿ ಬಂದ ಲೆಕ್ಕ, ಅಲ್ಲಿ ಶೇಕಡಾ 32 ಕಡಿಮೆ. 2013ರಲ್ಲಿ ಇಂಥ ಏಳು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಬಸುರಿಯರಲ್ಲಿ ನೂರಕ್ಕೆ 30 ಮಂದಿಯಾದರೂ ಗುಂಪಿಗೆ ಬಂದ ಕಡೆಯೇ ಒಳ್ಳೆ ಫಲ ಸಿಕ್ಕಿದ್ದು.

ಅವು ಹಬ್ಬಗಳಲ್ಲ, ಸಭೆಗಳು, ನಿಜ. ಸೀಮಂತಕ್ಕೂ ಅದೇ ಫಲ ಸಿಗುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ ಜನ ಬಂದರೆ ತಾನೇ ಮಾತು? ಜನರನ್ನು ತರುವುದು ಹಬ್ಬ. ನನಗೆ ಅಷ್ಟು ಸಾಕು.

ಹಾಗಂತ ಎಲ್ಲ ಸೀಮಂತವೂ ಒಳ್ಳೆಯದಲ್ಲ. ಒಂದು ಸಲ ಎಲ್ಲ ಊರಿನ ಬಸುರಿಯರನ್ನು ಸೇರಿಸಿ ದೊಡ್ಡದಾಗಿ ಸಾಮೂಹಿಕ ಸೀಮಂತ ಅಂತ ಮಾಡಿದರು. ಶಾಮಿಯಾನ, ಮೈಕು, ಬ್ಯಾನರು. ಬೆಳಿಗ್ಗೆ ಹತ್ತಕ್ಕೆ ಕರೆದುಕೊಂಡು ಹೋದೆವು. ಅತಿಥಿಗಳು ಬಂದದ್ದು ಒಂದೂವರೆಗೆ. ಅಷ್ಟು ಹೊತ್ತೂ ಏಳು, ಎಂಟು ತಿಂಗಳ ಹುಡುಗಿಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಟಾಯ್ಲೆಟ್ಟಿಗೆ ನೀರಿಲ್ಲ. ಆಮೇಲೆ ನಾಲ್ಕು ಜನ ಭಾಷಣ ಮಾಡಿದರು, ಒಬ್ಬರೂ ಕಬ್ಬಿಣದ ಮಾತ್ರೆ ಅನ್ನೋ ಪದ ಎತ್ತಲಿಲ್ಲ. ಫೋಟೋಗೆ ಅಂತ ಮುಂದಿನ ಸಾಲಿನವರಿಗೆ ಮಾತ್ರ ಬಳೆ ತೊಡಿಸಿದರು. ನಮ್ಮೂರಿನ ಒಬ್ಬಳಿಗೆ ಹಸಿವಿಗೆ ತಲೆ ಸುತ್ತು ಬಂತು. ಆಟೋ ಮಾಡಿ ಮನೆಗೆ ಬಿಟ್ಟೆ. ಅಂಥದ್ದನ್ನು ನೋಡಿ ನೀವು ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೂ ಒಂದು ತಕರಾರು ಸರಿಯಾಗಿದೆ. ಅರಿಶಿನ ಕುಂಕುಮ ಅಂದ ತಕ್ಷಣ ಕೆಲವರು ಬಾಗಿಲ ಹೊರಗೆ ನಿಲ್ಲುತ್ತಾರೆ. ಗಂಡ ತೀರಿಹೋದವರು, ಮಕ್ಕಳಾಗದವರು, ಹೋದ ವರ್ಷ ಮಗು ಕಳೆದುಕೊಂಡವರು. ನಮ್ಮ ಸಹಾಯಕಿಗೆ ಗಂಡ ಇಲ್ಲ. ಬಸುರಿಯರಿಗೆ ದಿನಾ ಅಡಿಗೆ ಮಾಡಿ ಬಡಿಸುವವರು ಅವರೇ. ಸೀಮಂತದ ದಿನ ಮಾತ್ರ ಒಲೆ ಹತ್ತಿರದಿಂದ ಏಳುತ್ತಿರಲಿಲ್ಲ. ಎರಡು ವರ್ಷ ನಾನೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಮೂರನೇ ವರ್ಷ ಒಬ್ಬ ಬಸುರಿಯೇ ಕೂತಲ್ಲಿಂದ ಕೂಗಿದಳು, "ಅಕ್ಕಾ, ಬಾ, ದಿನಾ ಉಣ್ಣಕ್ಕೆ ಇಕ್ಕೋಳು ನೀನು, ಬಳೆನೂ ನೀನೇ ತೊಡ್ಸು." ಇಬ್ಬರು ಅಜ್ಜಿಯರು ಮುಖ ಸಿಂಡರಿಸಿದರು. ಆದರೂ ತೊಡಿಸಿದರು ನಮ್ಮ ಸಹಾಯಕಿ, ಕೈ ನಡುಗುತ್ತಿತ್ತು, ಎರಡು ಬಳೆ ಒಡೆದವು. ಈಗ ನಾವು ಆರತಿ ಬಿಟ್ಟಿದ್ದೇವೆ. ಕುಂಕುಮ ಬೇಕಾದವರು ಇಟ್ಟುಕೊಳ್ಳಲಿ. ನಮ್ಮಲ್ಲಿ ನಾಲ್ಕು ಮುಸ್ಲಿಮರ ಮನೆ ಇವೆ, ಆ ಹೆಣ್ಣುಮಕ್ಕಳೂ ಬಳೆ, ಹೂವು, ಮಡಿಲಕ್ಕಿಗೆ ಖುಷಿಯಾಗಿ ಬರುತ್ತಾರೆ.

ತಿಂಗಳನ್ನೂ ಬದಲಾಯಿಸಿದ್ದೇವೆ. ಏಳನೇ ತಿಂಗಳಿಗೆ ಸೀಮಂತ ಅನ್ನುವುದು ರೂಢಿ. ಆದರೆ ಏಳನೇ ತಿಂಗಳಲ್ಲಿ ಮಾತ್ರೆ ಶುರು ಮಾಡಿದರೆ 180 ಮುಗಿಯುವುದು ಯಾವಾಗ? ಅದಕ್ಕೇ ಅಂಗನವಾಡಿಯದ್ದು ಐದನೇ ತಿಂಗಳಿಗೆ. ಏಳಕ್ಕೋ ಒಂಬತ್ತಕ್ಕೋ ನಿಮ್ಮನೆಯಲ್ಲಿ ಮಾಡಿಕೊಳ್ಳಿ, ನಾನೂ ಊಟಕ್ಕೆ ಬರುತ್ತೇನೆ ಅಂತ ಹೇಳಿಬಿಡುತ್ತೇನೆ. ಮತ್ತೆ, ಸಿಸ್ಟರ್ ಬರುವ ದಿನವೇ ಇಟ್ಟುಕೊಳ್ಳುತ್ತೇವೆ. ಅವರ ಹತ್ತಿರ ಬೆರಳಿಗೆ ಚುಚ್ಚಿ ರಕ್ತ ನೋಡುವ ಪುಟ್ಟ ಮಿಷನ್ ಇರುತ್ತೆ.

ಆ ಮಿಷನ್ನಿನದ್ದೇ ಒಂದು ಕಥೆ ಹೇಳಬೇಕು. ಈ ವರ್ಷ ಬೇಸಿಗೆಯಲ್ಲಿ ಒಬ್ಬ ಸೊಸೆಗೆ ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಎರಡು ಬಂತು. ಬಸುರಿಗೆ ಹನ್ನೊಂದಾದರೂ ಇರಬೇಕು. ಅತ್ತೆ ಶುರು ಮಾಡಿದರು. "ಈಗಿನ ಹುಡುಗೀರೇ ಹಿಂಗೆ. ನಾವೆಲ್ಲ ಮುದ್ದೆ ಉಂಡು ಗದ್ದೆ ನಾಟಿ ಮಾಡಿ ಮೂರು ಹೆತ್ವಿ, ಯಾವ ಮಾತ್ರೆ ತಿಂದ್ವಿ?" ಸಿಸ್ಟರ್ ತಿರುಗಿ ಮಾತಾಡಲಿಲ್ಲ. "ಅಮ್ಮಾ, ನಿಮ್ಮ ಬೆರಳು ಕೊಡಿ ಒಂಚೂರು" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಆಯಮ್ಮ ಜಂಬದಿಂದಲೇ ಕೈ ಚಾಚಿದರು.

ಎಂಟು ಪಾಯಿಂಟ್ ಒಂದು.

ನಗು ನಿಂತಿತು. "ನಂಗೆ ಕಮ್ಮಿನಾ? ಸರಿಯಾಗಿ ನೋಡಮ್ಮ" ಅಂದರು. ಸಿಸ್ಟರ್ ಇನ್ನೊಂದು ಬೆರಳಿಗೆ ಚುಚ್ಚಿ ಮತ್ತೆ ನೋಡಿದರು. ಅಷ್ಟೇ ಬಂತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಅತ್ತೆಯರೂ ಸಾಲು ನಿಂತರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತ ಕಡಿಮೆ ಇತ್ತು. 15ರಿಂದ 49 ವಯಸ್ಸಿನ ಎಲ್ಲ ಹೆಂಗಸರನ್ನು ತೆಗೆದುಕೊಂಡರೆ ನೂರಕ್ಕೆ ಸುಮಾರು 48. ಅಂದರೆ ಇದು ಬಸುರಿನಲ್ಲಿ ಶುರುವಾದ ಕಾಯಿಲೆ ಅಲ್ಲ. ನಾನು ಆ ಅಂಕಿಯನ್ನು ಎಷ್ಟೋ ಸಲ ಓದಿದ್ದೆ. ಅತ್ತೆಯರಿಗೆ ಮಾತ್ರ ಯಾವತ್ತೂ ಬೆರಳು ಚುಚ್ಚಿಸಿರಲಿಲ್ಲ.

ಎಲ್ಲರೂ ಊಟಕ್ಕೆ ಕೂತಾಗ ಆಯಮ್ಮ ಅಡಿಗೆ ಕೋಣೆಗೆ ಬಂದರು. ಎರಡು ವರ್ಷದಿಂದ ಮುಟ್ಟು ವಿಪರೀತ ಹೋಗುತ್ತಿದೆಯಂತೆ, ಹತ್ತು ಹನ್ನೆರಡು ದಿನ. ನಿಲ್ಲುವ ವಯಸ್ಸು, ಹಾಗೇ ಇರುತ್ತೆ ಅಂದುಕೊಂಡು ಸುಮ್ಮನಿದ್ದರಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. "ಆಸ್ಪತ್ರೆಗೆ ಹೋದ್ರೆ ಗರ್ಭಕೋಶ ತೆಗೆದುಬಿಡ್ತಾರೆ ಅಲ್ವಾ?" ಅಂತ ಕೇಳಿದರು. ಮೊದಲು ಸ್ಕ್ಯಾನ್ ಮಾಡಿಸೋಣ, ತೆಗೆಯದೇನೇ ಗುಣ ಆಗುವುದೂ ಉಂಟು, ಹೂಂ ಅನ್ನೋದು ಬಿಡೋದು ನಿಮ್ಮ ಕೈಲೇ ಇರುತ್ತೆ ಅಂದೆ. ವಾರದ ನಂತರ ಆಶಾ ಕಾರ್ಯಕರ್ತೆ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋಗಿಬಂದರು. ಸಣ್ಣ ಗಡ್ಡೆ ಇತ್ತು. ಔಷಧಿ ಕೊಟ್ಟಿದ್ದಾರೆ, ಜೊತೆಗೆ ಅದೇ ಕಬ್ಬಿಣದ ಮಾತ್ರೆ, ದಿನಕ್ಕೆ ಎರಡು.

ಹೋದ ತಿಂಗಳು ಮತ್ತೆ ಸೀಮಂತ ಇತ್ತು. ಅವರ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಅವರ ಮನೆಯವರು ಯಾರೂ ಅವತ್ತು ಪಟ್ಟಿಯಲ್ಲಿ ಇರಲಿಲ್ಲ. ಆದರೂ ಬಂದರು. ಸೆರಗಿನ ಗಂಟು ಬಿಚ್ಚಿ ಆರು ಖಾಲಿ ಶೀಟ್ ತೆಗೆದು ನನ್ನ ಟೇಬಲ್ ಮೇಲೆ ಇಟ್ಟರು. ಆಮೇಲೆ ಬಸುರಿಯರನ್ನೆಲ್ಲ ಪಕ್ಕಕ್ಕೆ ಸರಿಸಿ, ಸಿಸ್ಟರ್ ಮುಂದೆ ಕೂತು ಬೆರಳು ಚಾಚಿದರು. ಒಂಬತ್ತು ಪಾಯಿಂಟ್ ಆರು.