ಸೊನ್ನೆ ಸೆಕೆಂಡಿನ ಲೂಪ್

ಸಂಜೆ ಹಾಸನದ ಮನೇಲಿ ತಂಗಿ ಮಗಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.
"ಮಾವ, ಓ3 ಹಾಕಿದ್ರೆ ಸೊನ್ನೆ ಸೆಕೆಂಡ್!"

ಓ3 ಅಂದ್ರೆ ಕಂಪೈಲರ್‌ಗೆ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸೋ ತಂತ್ರಾಂಶ) ವೇಗವಾಗಿ ಓಡೋ ಹಾಗೆ ಮಾಡು ಅಂತ ಹೇಳೋ ಆಯ್ಕೆ. ವೇಗ ಅಳೆಯೋಕೆ ಅವಳು ಬರೆದಿದ್ದು ಹತ್ತು ಕೋಟಿ ಸಲ ಕೂಡೋ ಲೂಪ್. ಮೊತ್ತವನ್ನು ಎಲ್ಲೂ ಪ್ರಿಂಟ್ ಮಾಡಿರಲಿಲ್ಲ. ಯಾರಿಗೂ ಬೇಡದ ಲೆಕ್ಕ ಅಂತ ಕಂಪೈಲರ್ ಇಡೀ ಲೂಪನ್ನೇ ಕಿತ್ತು ಹಾಕಿತ್ತು. ಕಂಪೈಲರ್ ಕೊಟ್ಟ ಅಸೆಂಬ್ಲಿ (ಯಂತ್ರದ ಆದೇಶಗಳ ಪಟ್ಟಿ) ತೆಗೆದು ನೋಡಿದ್ವಿ, ಲೂಪಿನ ಸುಳಿವೇ ಇಲ್ಲ. ಎಷ್ಟು ಚೆಂದದ ಕೆಲಸ! ಆದರೆ ವೇಗ ಅಳೆಯೋಕೆ ಅಲ್ಲೇನೂ ಉಳಿದಿಲ್ಲ.

ದೊಡ್ಡವರಿಗೂ ಇದೇ ಪಾಡು. ಕಂಪ್ಯೂಟರ್‌ಗಳ ವೇಗ ಪರೀಕ್ಷೆಗಳನ್ನು ರೂಪಿಸೋ ಸ್ಪೆಕ್ ಸಂಸ್ಥೆಯ 1989ರ ಕಟ್ಟಿನಲ್ಲಿ ಮ್ಯಾಟ್ರಿಕ್ಸ್300 ಅಂತ ಒಂದು ಬೆಂಚ್‌ಮಾರ್ಕ್, ಅಂದ್ರೆ ವೇಗ ಅಳೆಯೋ ಪ್ರೋಗ್ರಾಂ. ಕಂಪೈಲರ್‌ಗಳು ಅದರ ಲೂಪ್‌ಗಳನ್ನು ಕ್ಯಾಶ್‌ಗೆ (ಪ್ರೊಸೆಸರ್‌ನ ಪುಟ್ಟ, ವೇಗದ ಮೆಮೊರಿ) ಹೊಂದೋ ಹಾಗೆ ತುಂಡು ಮಾಡಿದ್ದೇ ತಡ, ಅಂಕ ಎಲ್ಲಿಗೋ ಹೋಯ್ತು. 1992ರಲ್ಲಿ ಅದನ್ನು ಕೈಬಿಟ್ಟರು.

ಕಾಫಿ ಕೊಳ್ಳೋರು ಮೂಟೆಯ ತಳಕ್ಕೂ ಕೈ ಹಾಕ್ತಾರಲ್ಲ, ಹಾಗೆ ವೇಗ ಅಳೆಯೋಕೆ ಜನ ನಿಜವಾಗಿ ಬಳಸೋ ಪ್ರೋಗ್ರಾಂಗಳನ್ನೇ ಆರಿಸಬೇಕು. ಫೈಲ್ ಕುಗ್ಗಿಸೋ ಜಿಜಿಪ್, ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಓಡಿಸೋ ತಂತ್ರಾಂಶ, ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಇಟ್ಟುಕೊಂಡಿದ್ದೀವಿ. ದಶಮಾಂಶದ ಲೆಕ್ಕ ಜಾಸ್ತಿ ಇರೋದು ಒಂದು ಬೇಕು. ಗೊತ್ತಿದ್ರೆ ಹೇಳ್ರಪ್ಪ.