ಅಂಗಡಿ ಬೇಡ, ಜೈಲೂ ಬೇಡ: ಕೊಲ್ಹಾರದಲ್ಲಿ ಕೇಳಿದ ಮಾತು

ವಿಜಯಪುರ ನೋಡಬೇಕೆಂದು ಹಟ ಹಿಡಿದವನು ನನ್ನ ಅಕ್ಕನ ಮಗ. ಟೊರಾಂಟೊದಲ್ಲಿ ಓದಿ ಅಲ್ಲಿಯೇ ಕೆಲಸಕ್ಕೆ ಸೇರಿರುವ ಅವನು ಊರಿಗೆ ಬಂದಾಗಲೆಲ್ಲ ಶಿವಮೊಗ್ಗದ ಮದುವೆ ಮನೆಗಳಲ್ಲೇ ರಜೆ ಮುಗಿಸುತ್ತಿದ್ದ. ಈ ಸಲ ತೊಗರಿ ಕೊಯ್ಲಿನ ಹೊತ್ತಿಗೆ ಇಬ್ಬರೂ ಹೊರಟೆವು. ವಿಜಯಪುರ, ಬಾದಾಮಿ, ಗೋಕಾಕ, ಬೆಳಗಾವಿ ಎಂದು ಸುತ್ತಿದೆವು. ಅವುಗಳ ವರ್ಣನೆ ಬೇಕಾದವರಿಗೆ ಬೇರೆಯವರು ಬರೆದದ್ದು ಬೇಕಾದಷ್ಟಿದೆ. ನಾನು ಬರೆಯಲು ಕುಳಿತದ್ದು ಕೊಲ್ಹಾರದ ಬೇವಿನ ಮರದ ಕೆಳಗೆ ನಡೆದ ಒಂದು ಮಾತುಕತೆಗಾಗಿ. ಗಾಂಜಾವನ್ನು ಕಾನೂನುಬದ್ಧ ಮಾಡಬೇಕೇ ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ಇನ್ನೂ ತಲೆಯಿಂದ ಇಳಿದಿಲ್ಲ.

ಅದಕ್ಕೂ ಮೊದಲು ವಿಜಯಪುರದ ಒಂದು ಸಿಟ್ಟನ್ನು ಹೇಳಿಬಿಡುತ್ತೇನೆ. ನಾವು ಇಳಿದುಕೊಂಡಿದ್ದ ವಸತಿಗೃಹದವರು ಗೋಳಗುಮ್ಮಟದ ಬಾಗಿಲು ತೆರೆಯುವುದು ಹತ್ತು ಗಂಟೆಗೆ ಎಂದು ಆಣೆ ಇಟ್ಟವರಂತೆ ಹೇಳಿದರು. ಹತ್ತಕ್ಕೆ ತೆರೆಯುವುದು ಆವರಣದ ವಸ್ತುಸಂಗ್ರಹಾಲಯ. ಗುಮ್ಮಟಕ್ಕೆ ಬೆಳಗಿನ ಆರಕ್ಕೇ ಪ್ರವೇಶವಿದೆ. ನಾವು ಆ ಕಡಿದಾದ ಮೆಟ್ಟಿಲುಗಳನ್ನು ಏರಿ ಮೇಲೆ ಬರುವಷ್ಟರಲ್ಲಿ ಶಾಲಾ ಪ್ರವಾಸದ ಮಕ್ಕಳು ಸುತ್ತಲೂ ತುಂಬಿದ್ದರು. ಪ್ರತಿಯೊಬ್ಬರೂ ಕೂಗುವುದು, ಪ್ರತಿ ಕೂಗೂ ಏಳೇಳು ಸಲ ಮರಳಿ ಬರುವುದು. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕೇಳಿಸುತ್ತದೆ ಎನ್ನುವ ವಿಸ್ಮಯಕ್ಕಾಗಿಯೇ ಬಂದಿದ್ದ ನಮ್ಮ ಹುಡುಗನಿಗೆ ಅದು ಸಿಗಲೇ ಇಲ್ಲ. ಮಕ್ಕಳನ್ನು ದೂರುವುದಿಲ್ಲ, ಅವರು ಮಕ್ಕಳು. ಹೋಗುವವರು ಬೆಳಕು ಹರಿಯುತ್ತಿದ್ದಂತೆ ಹೋಗಿ, ವಸತಿಗೃಹದ ಮಾತು ನಂಬಬೇಡಿ. ನನ್ನ ಅಭಿರುಚಿ ಕೇಳಿದರೆ, 1656ರಲ್ಲಿ ಮುಗಿದ ಈ ಮಹಾಕಾಯಕ್ಕಿಂತ ಇಬ್ರಾಹಿಂ ರೋಜಾದ ಕಲ್ಲಿನ ಜಾಲಂದ್ರಗಳ ಎದುರು ಅರ್ಧ ದಿನ ಕಳೆಯುವುದೇ ಮೇಲು.

ಮರುದಿನ ಬಾಗಲಕೋಟೆಯ ಬಸ್ ಹತ್ತಿದೆವು. ಕೃಷ್ಣೆಯ ಹಿನ್ನೀರಿನ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆಗೆ ಮೊದಲೇ, ಕೊಲ್ಹಾರದಲ್ಲಿ ಬಸ್ಸಿನ ಕ್ಲಚ್ ಕೆಟ್ಟಿತು. ಹಿಂದಿನ ಬಸ್ ಬರಲಿ ಎಂದು ನಿರ್ವಾಹಕರು ಎಲ್ಲರನ್ನೂ ಇಳಿಸಿದರು. ಕೆಟ್ಟು ನಿಲ್ಲುವುದಾದರೆ ಬಸ್ಸುಗಳು ಕೊಲ್ಹಾರದಲ್ಲೇ ಕೆಡಬೇಕು! ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಅಲ್ಲಿನ ಮೊಸರು, ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬೆಂಗಳೂರಿನ ಹೋಟೆಲುಗಳಲ್ಲಿ ಉತ್ತರ ಕರ್ನಾಟಕದ ಊಟವೆಂದು ಬಡಿಸುವ ಒಣಕಲು ರೊಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಬೇವಿನ ಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ದಿನಪತ್ರಿಕೆ ಇತ್ತು. ಒಳಪುಟದಲ್ಲಿ ಈ ಭಾಗದವರಿಗೆ ಹೊಸದೇನೂ ಅಲ್ಲದ ಸುದ್ದಿ: ಕಬ್ಬಿನ ನಡುವೆ ಬೆಳೆದಿದ್ದ ಗಾಂಜಾ ಗಿಡಗಳ ಜಪ್ತಿ, ರೈತನ ಬಂಧನ. ಕಿತ್ತ ಗಿಡಗಳನ್ನು ಸಾಲಾಗಿ ಮಲಗಿಸಿ, ಹಿಂದೆ ಪೊಲೀಸರು ನಿಂತ ಚಿತ್ರ. ನಮ್ಮ ಹುಡುಗ ಅದನ್ನು ನೋಡಿ, "ಮಾವ, ನಾನಿರುವ ಬೀದಿಯಲ್ಲಿ ಇದನ್ನು ಔಷಧಿ ಅಂಗಡಿಯಂತಹ ಅಂಗಡಿಯಲ್ಲಿ ಮಾರುತ್ತಾರೆ, ಬಿಲ್ ಕೊಟ್ಟು" ಎಂದ.

"ಬಿಲ್ ಕೊಡುತ್ತಾರೆಯೇ ತಮ್ಮಾ?"

ಕೇಳಿದವರು ಪಕ್ಕದಲ್ಲಿ ಚೀಲ ಇಟ್ಟುಕೊಂಡು ಕುಳಿತಿದ್ದ ಹೆಣ್ಣುಮಗಳು. ಐವತ್ತರ ಆಸುಪಾಸು, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ. ನಮ್ಮ ಹುಡುಗ ಉತ್ಸಾಹದಿಂದ ಹೇಳತೊಡಗಿದ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಮನರಂಜನೆಗಾಗಿ ಗಾಂಜಾ ಸೇದುವುದು ಅಪರಾಧವಲ್ಲ. ವಯಸ್ಕರು 30 ಗ್ರಾಂವರೆಗೆ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಅವನಿರುವ ಒಂಟಾರಿಯೊದಲ್ಲಿ 19 ತುಂಬಿರಬೇಕು, ಪಕ್ಕದ ಕ್ವಿಬೆಕ್‌ನಲ್ಲಿ 21. ಒಂಟಾರಿಯೊದಲ್ಲಿ ಒಂದು ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಪೊಟ್ಟಣದ ಮೇಲೆ ಆರೋಗ್ಯದ ಎಚ್ಚರಿಕೆ ಕಡ್ಡಾಯ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1969ರಲ್ಲಿ ಕೇಳಿದಾಗ ಶೇ 12ರಷ್ಟು ಜನ ಮಾತ್ರ ಕಾನೂನುಬದ್ಧ ಮಾಡಿ ಎಂದಿದ್ದರು, 2023ರಲ್ಲಿ ಶೇ 70ರಷ್ಟು ಜನ ಹಾಗೆಂದರು. "ಜನರ ಅಭಿಪ್ರಾಯ ಬದಲಾಯಿತು, ಕಾನೂನೂ ಬದಲಾಯಿತು. ಇಲ್ಲಿಯೂ ಹಾಗೆಯೇ ಆಗುತ್ತದೆ" ಎಂದು ಮುಗಿಸಿದ.

ಕಟ್ಟೆಯ ಇನ್ನೊಂದು ತುದಿಯಲ್ಲಿದ್ದ ಮುದುಕರೊಬ್ಬರು ಇದಕ್ಕೆ ತಲೆದೂಗುತ್ತಾರೆಂದುಕೊಂಡೆ. ಪಟಗಾ, ಬಿಳಿ ಮೀಸೆ, ಕೈಯಲ್ಲಿ ಏಕತಾರಿ. ಅವರು ತತ್ವಪದ ಹಾಡುವವರು. ಚಿಕ್ಕಂದಿನಿಂದ ಮಠಗಳ ಜಾತ್ರೆಯಲ್ಲಿ ಅಜ್ಜನವರ ಗದ್ದುಗೆಯ ಮುಂದೆ ಚಿಲುಮೆ ಸೇದಿದ್ದೇನೆಂದು ಅವರು ಸಂಕೋಚವಿಲ್ಲದೆ ಹೇಳಿದರು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದದ್ದನ್ನು ನಾನೂ ಓದಿದ್ದೆ. ಮುದುಕರು ಹೇಳಿದ್ದು ಇಷ್ಟು: "ಗದ್ದುಗೆಯ ಮುಂದೆ ಸೇದಿದ್ದನ್ನು ಯಾರೂ ಮನೆಗೆ ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಅಂಗಡಿ ಇಟ್ಟರೆ ಅದು ನಶೆಯೇ ಆಯಿತು. ಅಂಗಡಿ ಇಡುವವರ ಪರ ನಾನಿಲ್ಲ ತಮ್ಮಾ."

ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿರುವ ಹುಡುಗನೊಬ್ಬ ಇನ್ನೂ ಕಟುವಾಗಿ ವಿರೋಧಿಸಿದ. ಅವನ ಹಾಸ್ಟೆಲ್ ಗೆಳೆಯ ವರ್ಷಗಟ್ಟಲೆ ಸೇದಿ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂದು ಭ್ರಮಿಸುವ ಸ್ಥಿತಿಗೆ ಬಂದಿದ್ದ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಕೊಡಿಸಬೇಕಾಯಿತಂತೆ. ಹರೆಯದಲ್ಲಿ ಹೆಚ್ಚಾಗಿ ಸೇದಿದವರಲ್ಲಿ ಚಿತ್ತವಿಕಲತೆಯ ಅಪಾಯ ಹೆಚ್ಚು ಎನ್ನುವುದನ್ನು ವೈದ್ಯರು ಹೇಳುತ್ತಲೇ ಇದ್ದಾರೆ. ಯುವಕರು ಪರ, ಹಿರಿಯರು ವಿರೋಧ ಎಂದು ನಾನು ಮನೆಯಿಂದ ಹೊತ್ತು ತಂದಿದ್ದ ಲೆಕ್ಕ ಆ ಕಟ್ಟೆಯ ಮೇಲೆ ನಿಲ್ಲಲಿಲ್ಲ.

ಆಗ ಆ ಹೆಣ್ಣುಮಗಳು ತಾನು ಎಲ್ಲಿಂದ ಬರುತ್ತಿದ್ದೇನೆಂದು ಹೇಳಿದರು. ವಿಜಯಪುರದ ದರ್ಗಾ ಜೈಲಿನಿಂದ. ಅಲ್ಲಿ ಅವರ ತಮ್ಮ ಇದ್ದಾನೆ.

ತವರು ಬಸವನ ಬಾಗೇವಾಡಿ ತಾಲೂಕಿನ ಹಳ್ಳಿ. ಒಳ್ಳೆಯ ಹೊಲವೆಲ್ಲ ಆಲಮಟ್ಟಿ ಹಿನ್ನೀರಿಗೆ ಹೋಗಿ, ಉಳಿದದ್ದು ಮಳೆ ನಂಬಿದ ತುಂಡು ಭೂಮಿ. ಯಾರೋ ಹೊರಗಿನವನು ಬಂದು ಬೀಜ ಕೊಟ್ಟ, ಮುಂಗಡವನ್ನೂ ಕೊಟ್ಟ. ತೊಗರಿ ಸಾಲಿನ ನಡುವೆ ಹಾಕು, ಬೆಳೆದ ಮೇಲೆ ನಾನೇ ಒಯ್ಯುತ್ತೇನೆ ಎಂದ. ತಮ್ಮನಿಗೆ ಸೇದುವ ಚಟವಿಲ್ಲ, ಎಲೆ ಅಡಿಕೆಯನ್ನೂ ಮುಟ್ಟದವನು. ಮಗಳ ಮದುವೆಯ ಸಾಲ ತೀರಿಸುವ ಆಸೆಗೆ ಹಾಕಿದ. ಪೊಲೀಸರು ಬಂದು ಗಿಡ ಕಿತ್ತರು, ಅವನನ್ನು ಒಯ್ದರು. ಮುಂಗಡ ಕೊಟ್ಟವನ ಹೆಸರು ಯಾವ ಕಾಗದದಲ್ಲೂ ಇಲ್ಲ.

"ಅಕ್ಕಾ, ಗಾಂಜಾ ಕಾನೂನುಬದ್ಧ ಆಗಿದ್ದಿದ್ದರೆ ನಿಮ್ಮ ತಮ್ಮ ಮನೆಯಲ್ಲೇ ಇರುತ್ತಿದ್ದರಲ್ಲವೇ?" ಎಂದು ಕೇಳಿದ ನಮ್ಮ ಹುಡುಗ. ಅವರು ಒಪ್ಪುತ್ತಾರೆಂದೇ ನಾನೂ ಎಣಿಸಿದ್ದೆ.

"ಅಂಗಡಿ ಮಾತ್ರ ಬೇಡ ತಮ್ಮಾ" ಎಂದರು ಆಕೆ. "ಸಾರಾಯಿ ಅಂಗಡಿಗೆ ನಮ್ಮ ಮನೆಯಲ್ಲಿ ಒಬ್ಬರನ್ನು ಕೊಟ್ಟಿದ್ದೇನೆ. ಪಾಕೀಟು ಕುಡಿಯುತ್ತಿದ್ದ ಗಂಡ, ಸಾರಾಯಿ ಬಂದ್ ಆದಮೇಲೆ ಬ್ರಾಂದಿ ಕುಡಿದು ಸತ್ತ. ಸರಕಾರ ಒಂದು ಅಂಗಡಿ ಮುಚ್ಚಿ ಇನ್ನೊಂದನ್ನು ತೆರೆಯಿತು. ಅಂಗಡಿ ತೆರೆದರೆ ಮುಚ್ಚುವವರಿಲ್ಲ, ಅದರ ರೊಕ್ಕದ ರುಚಿ ಸರಕಾರಕ್ಕೂ ಹತ್ತುತ್ತದೆ. ಆದರೆ ಗಿಡ ಹಾಕಿದ ಬಡವನನ್ನು, ಸೇದಿದ ಹುಡುಗನನ್ನು ಜೈಲಿಗೆ ಹಾಕಿದರೆ ಯಾರಿಗೆ ಏನು ಒಳ್ಳೆಯದಾಯಿತು? ಅಂಗಡಿಯೂ ಬೇಡ, ಜೈಲೂ ಬೇಡ. ಹಾಗೆ ಮಾಡಲು ಬರುವುದಿಲ್ಲವೇ ಅಣ್ಣಾ?"

ಕೊನೆಯ ಪ್ರಶ್ನೆ ನನಗೆ. ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ಎಂದು ಆಗಲೇ ಹೇಳಿದ್ದೆ. ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತದ್ದು, ಅಗ್ಗದ ಮದ್ಯ ಆ ಜಾಗವನ್ನು ತುಂಬಿದ್ದು ನನಗೂ ಗೊತ್ತು. ಆದರೆ ಗಾಂಜಾದ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಎರಡಾಗಿ ಸೀಳಿಟ್ಟವರನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕಂಡಿರಲಿಲ್ಲ. ಗ್ಯಾಲಪ್‌ನವರು ಕೇಳುವುದು ಕಾನೂನುಬದ್ಧ ಆಗಬೇಕೇ ಬೇಡವೇ ಎಂದು. ಅಲ್ಲಿನದೇ ಇನ್ನೊಂದು ಸಮೀಕ್ಷಾ ಸಂಸ್ಥೆ ಪ್ಯೂ ಮೂರು ಉತ್ತರ ಕೊಟ್ಟು ಕೇಳುತ್ತದೆ. 2024ರಲ್ಲಿ ಶೇ 57ರಷ್ಟು ಅಮೆರಿಕನ್ನರು ಔಷಧಿಗೂ ಮನರಂಜನೆಗೂ ಇರಲಿ ಎಂದರು, ಶೇ 32ರಷ್ಟು ಜನ ಔಷಧಿಗೆ ಮಾತ್ರ ಎಂದರು, ಶೇ 11ರಷ್ಟು ಜನ ಎರಡಕ್ಕೂ ಬೇಡ ಎಂದರು. ಈ ಹೆಣ್ಣುಮಗಳ ಉತ್ತರಕ್ಕೆ ಆ ಮೂರರಲ್ಲೂ ಜಾಗವಿಲ್ಲ.

ಜರ್ಮನಿ ಸುಮಾರಾಗಿ ಅವರು ಹೇಳಿದ್ದನ್ನೇ ಮಾಡಿದೆ. ಅಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು 25 ಗ್ರಾಂವರೆಗೆ ಜೊತೆಯಲ್ಲಿ ಇಟ್ಟುಕೊಳ್ಳಬಹುದು, ಮನೆಯಲ್ಲಿ ಮೂರು ಗಿಡ ಬೆಳೆಸಬಹುದು. ಲಾಭಕ್ಕಲ್ಲದ ಸಂಘಗಳು ತಮ್ಮ ಸದಸ್ಯರಿಗಷ್ಟೇ ಬೆಳೆದು ಕೊಡಬಹುದು. ಬೀದಿಯಲ್ಲಿ ಅಂಗಡಿ ಇಲ್ಲ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ನಿಷೇಧ ತೆಗೆದಾಗ ಅಂಗಡಿಗಳು ಅಣಬೆಗಳಂತೆ ಎದ್ದವು. 2025ರಲ್ಲಿ ಅಲ್ಲಿನ ಸರಕಾರ ವೈದ್ಯರ ಚೀಟಿ ಬೇಕೆಂದು ಹಿಂದೆ ಸರಿಯಬೇಕಾಯಿತು. ಇದನ್ನೆಲ್ಲ ಹೇಳಿದಾಗ ಆಕೆ, "ನೋಡಿರಿ ಮತ್ತೆ, ಬರುತ್ತದಲ್ಲ" ಎಂದರು.

ನಮ್ಮ ಕಾನೂನು ಬೇರೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂವು ಮತ್ತು ಕಾಯಿ ಕಟ್ಟಿದ ತುದಿಯನ್ನು ಗಾಂಜಾ ಎನ್ನುತ್ತದೆ. ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಹೀಗಾಗಿ ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ಹೊರಗೆ ಉಳಿದಿದೆ, 2022ರಲ್ಲಿ ನಮ್ಮ ಹೈಕೋರ್ಟ್ ಜಾಮೀನು ಅರ್ಜಿಯೊಂದರಲ್ಲಿ ಇದನ್ನೇ ಹೇಳಿತು. ಒಂದು ಕೆ.ಜಿ.ವರೆಗಿನ ಗಾಂಜಾ ಅಲ್ಪ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಸೇದಿದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಿಡ ಬೆಳೆದವನಿಗೆ ಹತ್ತು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷದವರೆಗೆ ದಂಡ. ಮುಂಗಡ ಕೊಟ್ಟವನನ್ನು ಹಿಡಿಯುವ ಕಲಮುಗಳೂ ಇವೆ, ಹೆಸರು ಬರೆಯುವವರು ಬೇಕು. ಔಷಧಿ ಮತ್ತು ವಿಜ್ಞಾನದ ಉದ್ದೇಶಕ್ಕಲ್ಲದೆ ಗಾಂಜಾಕ್ಕೆ ಅವಕಾಶ ಕೊಡಬೇಕಾದರೆ ಸಂಸತ್ತೇ ಕಾಯ್ದೆ ತಿದ್ದಬೇಕು, ಬೆಂಗಳೂರಿನಿಂದ ಆಗುವ ಕೆಲಸವಲ್ಲ.

"ಜಪ್ತಿ ಮಾಡಿದಾಗ ಗಿಡವನ್ನು ಹೇಗೆ ತೂಗಿದರು?" ಎಂದು ಕೇಳಿದೆ.

"ಬೇರು, ಮಣ್ಣು, ಕಾಂಡ ಎಲ್ಲ ಸೇರಿಸಿಯೇ ತೂಗಿದರು. ಹಸಿ ಗಿಡ. ನಾನೇ ನಿಂತು ನೋಡಿದ್ದೇನೆ."

ಕಾಯ್ದೆಯಂತೆ ಗಾಂಜಾ ಎಂದರೆ ತುದಿ ಮಾತ್ರ ಆದ್ದರಿಂದ, ಬೇರು ಕಾಂಡ ಸೇರಿಸಿ ತೂಗಿದ ಪ್ರಕರಣಗಳಲ್ಲಿ ಹೈಕೋರ್ಟುಗಳು ಜಾಮೀನು ಕೊಟ್ಟದ್ದುಂಟು. ಇದನ್ನು ವಕೀಲರಿಗೆ ಹೇಳಿದ್ದೀರಾ ಎಂದರೆ, ವಕೀಲರೇ ಇಲ್ಲ, ಕೊಡಲು ಹಣವಿಲ್ಲ ಎಂದರು. ನನಗೆ ಸಂಕಟವಾಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗಬೇಕು, ಆದಾಯ ಕೇಳುವಂತಿಲ್ಲ. ಚೀಟಿಯೊಂದರಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಂದು ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ನನ್ನ ಮೊಬೈಲ್ ಸಂಖ್ಯೆ ಬರೆದುಕೊಟ್ಟೆ. ವಿದ್ಯಾರ್ಥಿಗೂ ಒಂದು ಮಾತು ಹೇಳಿದೆ: ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಹೋದರೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಿಂದ ರಕ್ಷಣೆ ಕೊಡುವ 64ಎ ಕಲಮು ಇದೇ ಕಾಯ್ದೆಯಲ್ಲಿದೆ. ಹಾಸ್ಟೆಲುಗಳ ಗೋಡೆಯ ಮೇಲೆ ಬೆದರಿಕೆಯ ಫಲಕಗಳ ಪಕ್ಕದಲ್ಲಿ ಇದನ್ನೂ ಬರೆಸಬೇಕು.

ಬಸ್ ಬಂತು. ಸೇತುವೆಯ ಮೇಲೆ ಎರಡೂ ಕಡೆ ನೀರು ಕಾಣುವಾಗ ಆಕೆ ಕಿಟಕಿಯಿಂದ ಕೈ ತೋರಿಸಿ, ನಮ್ಮ ಹೊಲ ಅಲ್ಲೆಲ್ಲೋ ಕೆಳಗಿದೆ ಎಂದರು. ಬೀಳಗಿ ಕ್ರಾಸ್‌ನಲ್ಲಿ ಇಳಿದುಹೋದರು.

ಬಾದಾಮಿಯ ಗುಹೆಗಳು ಚೆನ್ನಾಗಿವೆ, ಕೋತಿಗಳ ಕಾಟ ಹೇಳಿದ್ದಕ್ಕಿಂತ ಹೆಚ್ಚಿದೆ. ಗೋಕಾಕದಲ್ಲಿ ಆ ಕಾಲಕ್ಕೆ ನೀರು ಕಡಿಮೆ, ಕರದಂಟು ಮಾತ್ರ ಯಾವ ಕಾಲದಲ್ಲೂ ಮೋಸ ಮಾಡುವುದಿಲ್ಲ. ಮಾವ ಅಳಿಯ ಇಬ್ಬರಿಗೂ ದಾರಿಯುದ್ದಕ್ಕೂ ಜಗಳ. "ಜೈಲು ತೆಗೆದು ಅಂಗಡಿ ಕೊಡದಿದ್ದರೆ ಮುಂಗಡ ಕೊಟ್ಟವನೇ ರಾಜನಾಗುತ್ತಾನೆ, ಕಳ್ಳವ್ಯಾಪಾರ ಹಾಗೆಯೇ ಉಳಿಯುತ್ತದೆ" ಎನ್ನುವುದು ಅವನ ವಾದ. ಅದರಲ್ಲಿ ಹುರುಳಿದೆ, ತಳ್ಳಿಹಾಕಲಾರೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಭಂಗಿ, ಗಾಂಜಾ, ಚರಸ್ ಸೇವಿಸುವವರು ಸುಮಾರು 3.1 ಕೋಟಿ. ಇಷ್ಟು ಜನಕ್ಕೆ ಮಾಲು ಎಲ್ಲಿಂದಲೋ ಬರುತ್ತಲೇ ಇದೆ. ಆದರೂ ನಾನು ಆಕೆಯ ಪಕ್ಷ. ಕಳ್ಳವ್ಯಾಪಾರಿಯನ್ನು ಹಿಡಿಯಲಾಗದ ವ್ಯವಸ್ಥೆ ಅಂಗಡಿಯವನನ್ನು ಅಂಕೆಯಲ್ಲಿಡುತ್ತದೆಂದು ನಾನು ನಂಬುವುದಿಲ್ಲ.

ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧದ ಎದುರು ಹಾದುಹೋಗುವಾಗ ಅವನಿಗೆ 1893ರ ಭಾರತೀಯ ಗಾಂಜಾ ಆಯೋಗದ ಕಥೆ ಹೇಳಿದೆ. ಆಗ ಬೆಳಗಾವಿ, ವಿಜಯಪುರ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆಯೋಗ ದೇಶದ ಉದ್ದಗಲ 1,193 ಸಾಕ್ಷಿಗಳ ಮಾತು ಕೇಳಿ, ಮಿತವಾದ ಬಳಕೆಯಿಂದ ಹೆಚ್ಚಿನ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂದಿತು. ತೀರ್ಮಾನ ಅವನಿಗೆ ಹಿಡಿಸಿತು. ನನಗೆ ಹಿಡಿಸಿದ್ದು ಅಷ್ಟು ಜನರನ್ನು ಕರೆದು ಕೇಳಿದ ರೀತಿ. ಪರದೇಶದ ಸರಕಾರ ಕೇಳಬಹುದಾಗಿದ್ದನ್ನು ನಮ್ಮ ಸರಕಾರವೂ ಕೇಳಬಹುದು. ಬೆಳಗಾವಿಯ ಅಧಿವೇಶನಕ್ಕೆ ಬರುವ ಶಾಸಕರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ತೊಗರಿ ಬೆಳೆಯುವವರನ್ನು, ಜೈಲಿನ ಬಾಗಿಲಲ್ಲಿ ಕಾಯುವ ಅಕ್ಕ ತಂಗಿಯರನ್ನು, ಹಾಸ್ಟೆಲ್ ಹುಡುಗರನ್ನು ಕರೆಸಿ ಕೇಳಲಿ. ಕಾಯ್ದೆ ತಿದ್ದುವುದು ದೆಹಲಿಯಲ್ಲಾದರೂ ಶಿಫಾರಸು ಇಲ್ಲಿಂದ ಹೋಗಬಹುದು.

ಅಳಿಯ ಟೊರಾಂಟೊಗೆ ಮರಳಿದ ಮೇಲೆ ಆಕೆಯ ಫೋನ್ ಬಂತು. ಪ್ರಾಧಿಕಾರದಿಂದ ವಕೀಲರು ಸಿಕ್ಕಿದ್ದಾರೆ, ತೂಕದ ಪ್ರಶ್ನೆಯನ್ನು ಜಾಮೀನು ಅರ್ಜಿಯಲ್ಲಿ ಬರೆದಿದ್ದಾರೆ, ವಿಚಾರಣೆ ಇನ್ನೂ ಆಗಬೇಕು. "ಆ ತಮ್ಮನಿಗೆ ಹೇಳಿರಿ ಅಣ್ಣಾ, ಮುಂದಿನ ಸಲ ನಮ್ಮ ಮನೆಗೆ ಊಟಕ್ಕೆ ಬರಬೇಕು. ಅಂಗಡಿಯ ಮಾತು ಮಾತ್ರ ತೆಗೆಯಬಾರದು" ಎಂದರು.