ಏಪ್ರಿಲ್ ಬಿಸಿಲಲ್ಲಿ ದುರ್ಗ, ದಾವಣಗೆರೆ: ಎಸಿಗೆ ದುಡ್ಡು ಸುರಿಯಬೇಡಿ

ನಾವಿರುವುದು ಜರ್ಮನಿಯ ಮಾನ್‌ಹೈಮ್‌ನಲ್ಲಿ. ಮಗಳ ಶಾಲೆಗೆ ಈಸ್ಟರ್ ರಜೆ ಎರಡು ವಾರ, ಅದು ಬರುವುದು ಹೆಚ್ಚಾಗಿ ಏಪ್ರಿಲ್‌ನಲ್ಲೇ. ಊರಿಗೆ ಹೋಗುತ್ತೇವೆ ಅಂದರೆ ಎಲ್ಲರದ್ದೂ ಒಂದೇ ಮಾತು. "ಆ ಬಿಸಿಲಲ್ಲಿ ದಾವಣಗೆರೆಗಾ? ಡಿಸೆಂಬರ್‌ಗೆ ಹೋಗ್ರಿ." ನಾನು ಅಲ್ಲೇ ಹುಟ್ಟಿ ಬೆಳೆದವಳು. ಆದರೂ ಹೆದರಿ ಎಸಿ ಬಸ್ಸು, ಎಸಿ ರೂಮು ಅಂತ ಎರಡು ತಿಂಗಳು ಮೊದಲೇ ಬುಕ್ ಮಾಡಿಬಿಟ್ಟೆ. ಬಿಸಿಲಿನಿಂದ ಏನೂ ಆಗಲಿಲ್ಲ. ಮೋಸ ಹೋಗಿದ್ದು ಆ ಎರಡರಲ್ಲೇ.

ಮೊದಲು ಬಸ್ಸಿನ ಕಥೆ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ಖಾಸಗಿ ಸ್ಲೀಪರ್. ಟಿಕೆಟ್‌ನಲ್ಲಿ ‘ದಾವಣಗೆರೆ ಬಸ್ ನಿಲ್ದಾಣ’ ಅಂತಲೇ ಇತ್ತು. ಒಳಗೆ ಎಸಿ ಎಷ್ಟು ಜೋರು ಅಂದರೆ, ಏರ್‌ಪೋರ್ಟಿನಲ್ಲಿ ಬಿಚ್ಚಿ ಮಡಚಿಟ್ಟಿದ್ದ ಜಾಕೆಟ್ಟನ್ನು ಮಗಳು ಮತ್ತೆ ಹಾಕಿಕೊಂಡಳು. ಬೆಳಗಿನ ಜಾವ 3:40ಕ್ಕೆ ಕ್ಲೀನರ್ ಪರದೆ ಎಳೆದು "ದಾವಣಗೆರೆ ಇಳೀರಿ, ಬೇಗ ಬೇಗ" ಅಂದ. ಇಳಿದು ನೋಡಿದರೆ ಬೈಪಾಸ್! ಬಸ್ಸು ಊರೊಳಗೆ ಹೋಗುವುದೇ ಇಲ್ಲವಂತೆ. ತಲಾ 23 ಕೆಜಿಯ ಎರಡು ಸೂಟ್‌ಕೇಸು, ನಾಲ್ಕು ನಾಯಿ, ಒಂದೇ ಒಂದು ಆಟೋ. ಅವನು 400 ಅಂದ. ಸುಮ್ನೆ ಕೊಟ್ಟೆ.

ನೀವು ಹಗಲು ರೈಲಿಗೆ ಬನ್ನಿ. ಹುಬ್ಬಳ್ಳಿ ಜನಶತಾಬ್ದಿ, ಧಾರವಾಡದ ವಂದೇ ಭಾರತ್ ಎರಡೂ ದಾವಣಗೆರೆಯಲ್ಲಿ ನಿಲ್ಲುತ್ತವೆ, ಸ್ಟೇಷನ್ ಊರ ನಡುವೆಯೇ ಇದೆ. ಬಸ್ಸೇ ಆಗಬೇಕಂದರೆ ಹತ್ತುವ ಮೊದಲು "ಸ್ಟ್ಯಾಂಡಿಗೆ ಹೋಗುತ್ತಾ, ಬೈಪಾಸಾ?" ಅಂತ ಬಾಯಿಬಿಟ್ಟು ಕೇಳಿ. ಚಿತ್ರದುರ್ಗಕ್ಕೆ ಮಾತ್ರ ರೈಲು ನೆಚ್ಚಿಕೊಳ್ಳಬೇಡಿ, ಈ ಗಾಡಿಗಳು ಆ ಊರಿಗೆ ಹೋಗುವುದಿಲ್ಲ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ.

ಕೋಟೆಯನ್ನು ಬೆಳಗ್ಗೆ ಬೇಗ ಹತ್ತೋಣ ಅಂತ ಹಿಂದಿನ ರಾತ್ರಿ ದುರ್ಗದಲ್ಲೇ ಉಳಿದೆವು. 3,200 ರೂಪಾಯಿಯ ‘ಎಸಿ ಡೀಲಕ್ಸ್’, ಕೊನೇ ಮಹಡಿ. ಎಸಿ ಗುರ್ ಅನ್ನುತ್ತಿತ್ತು, ಬರುತ್ತಿದ್ದುದು ಬರೀ ಗಾಳಿ. ಕೆಳಗೆ ಫೋನ್ ಮಾಡಿದರೆ "ವೋಲ್ಟೇಜ್ ಇಲ್ಲ ಮೇಡಂ, ಹನ್ನೊಂದರ ಮೇಲೆ ಸರಿಹೋಗುತ್ತೆ" ಅಂದರು. ಸರಿಹೋಗಲಿಲ್ಲ. ಮಂಚದ ಮೇಲೆ ನಿಂತು ಸೀಲಿಂಗ್ ಮುಟ್ಟಿ ನೋಡಿದೆ, ರಾತ್ರಿ ಹನ್ನೆರಡಕ್ಕೂ ದೋಸೆ ಹೆಂಚಿನ ಹಾಗೆ ಬೆಚ್ಚಗಿತ್ತು. ಮೇಲೆ ಬರೀ ತಾರಸಿ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ರಾತ್ರಿಯೆಲ್ಲ ನಮ್ಮ ಮೇಲೆ ಕಕ್ಕುತ್ತಿತ್ತು. ನನಗಿದು ಗೊತ್ತಿರಬೇಕಿತ್ತು. ಮಾನ್‌ಹೈಮ್‌ನಲ್ಲಿ ನಮ್ಮ ಮನೆಯೂ ಹೆಂಚಿನ ಕೆಳಗಿನ ಕೊನೇ ಮಹಡಿಯೇ. ಜುಲೈಯಲ್ಲಿ ಅಲ್ಲಿ 35 ಡಿಗ್ರಿ ಆದರೆ ಮನೆಯಲ್ಲಿ ಫ್ಯಾನೂ ಇರುವುದಿಲ್ಲ, ಅಂಗಡಿಗೆ ಓಡಿದರೆ ಅಲ್ಲೂ ಖಾಲಿ. ಮೇಲೆ ಜಿಗುಟು ಬೆವರು. ದುರ್ಗದ ಒಣ ಬಿಸಿಲಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಒಗೆದ ಬಟ್ಟೆ ಅರ್ಧ ಗಂಟೆಗೆ ಗರಿಗರಿ. ಹಾಗಾಗಿ ರೂಮು ಹಿಡಿಯುವಾಗ ಎಸಿ ಇದೆಯಾ ಅಂತ ಕೇಳಬೇಡಿ, ಎಷ್ಟನೇ ಮಹಡಿ ಅಂತ ಕೇಳಿ. ಕೆಳಗಿನ ನಾನ್ ಎಸಿ ರೂಮು ಅರ್ಧ ದುಡ್ಡಿಗೆ ಸಿಗುತ್ತಿತ್ತು. ಬೆಳಗ್ಗೆ ವಿಚಾರಿಸಿ ಹೊಟ್ಟೆ ಉರಿಸಿಕೊಂಡೆ.

ಕೋಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮದಕರಿ ನಾಯಕರ ಕಥೆ ನಿಮಗೆ ಗೊತ್ತೇ ಇದೆ. ಬೆಳಗ್ಗೆ ಬೇಗ ಒಳಗಿರಿ, ಒಂಬತ್ತೂವರೆಗೆ ಇಳಿದುಬಿಡಿ. ಆಮೇಲೆ ಬಂಡೆ ಕಾದು ಕಾಲಿಡಲಾಗದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಜೇಬಲ್ಲಿರಲಿ, ನಿಮಗೂ ಭಾರತೀಯರ ದರವೇ. ಎಲ್ಲ ಬಿಟ್ಟರೂ ಓಬವ್ವನ ಕಿಂಡಿ ಬಿಡಬೇಡಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳಿ ಬಂದರು ಅನ್ನುವ ಆ ಸಂದಿಯಲ್ಲಿ ನನ್ನ ಮಗಳು ಕಥೆ ಕೇಳುವ ಬದಲು ಕೆನ್ನೆಯನ್ನು ಬಂಡೆಗೆ ಒತ್ತಿಕೊಂಡು ನಿಂತಳು. "ಅಮ್ಮಾ, ಇಲ್ಲಿ ಫ್ರಿಜ್ ಇದೆ." ಹಿಂದೆ ಬಂದವರು ಕೆಮ್ಮುವವರೆಗೂ ಜರುಗಲಿಲ್ಲ. ಗೋಪಾಲಸ್ವಾಮಿ ಹೊಂಡದಲ್ಲಿ ಏಪ್ರಿಲ್‌ನಲ್ಲೂ ನೀರಿತ್ತು, ಹಸಿರು ನೀರು. ಇದು ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ. ಎಸಿ ಕೂಡ ನಡೆಸಲಾಗದ ರೂಮಿನಿಂದ ಎದ್ದು ಬಂದವಳಿಗೆ ಕರೆಂಟೇ ಇಲ್ಲದ ಕಾಲದ ಆ ಏರ್ಪಾಡು ನೋಡಿ ಸ್ವಲ್ಪ ಸಿಟ್ಟೇ ಬಂತು.

ಈಗ ಮಂಡಕ್ಕಿ. ದಾವಣಗೆರೆ ಅಂದರೆ ಎಲ್ಲರೂ ಬೆಣ್ಣೆ ದೋಸೆಗೆ ಸಾಲು ನಿಲ್ಲುತ್ತಾರೆ. ನಿಲ್ಲಿ, ತಪ್ಪಿಲ್ಲ. ನನಗೆ ಆ ನೂಕಾಟ ಆಗುವುದಿಲ್ಲ, ಹಾಗಾಗಿ ಈ ಸಲ ಒಂದೇ ಸಲ ತಿಂದೆ. ಸಂಜೆ ಆರಕ್ಕೆ ಮಂಡಿಪೇಟೆ ಕಡೆಯ ಗಲ್ಲಿಯೊಂದಕ್ಕೆ ಐದು ದಿನ ಹೋದೆ. ಬೋರ್ಡಿಲ್ಲ, ಎರಡು ಬೆಂಚು, ಒಂದು ಬಾಣಲೆ, ಒಬ್ಬರು ಯಜಮಾನರು. ಅಗಲ ಬೋಗುಣಿಗೆ ಮಂಡಕ್ಕಿ ಸುರಿದು, ಬೆಳ್ಳುಳ್ಳಿ ಒಗ್ಗರಣೆಯ ಎಣ್ಣೆ ಬಿಟ್ಟು, ಖಾರಪುಡಿ, ಹುರಿಗಡಲೆ ಹಿಟ್ಟು ಉದುರಿಸಿ ಬರಿಗೈಯಲ್ಲಿ ಕಲಸುತ್ತಾರೆ. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಅರ್ಧ ನಿಂಬೆಹಣ್ಣು. ಪಕ್ಕಕ್ಕೆ ಮಿರ್ಚಿ. ಮೆಣಸಿನಕಾಯಿ ಸೀಳಿ ಒಳಗೆ ಉಪ್ಪು, ಓಮ ಸವರಿರುತ್ತಾರೆ. ಬಾಣಲೆಯಿಂದ ತೆಗೆದ ತಕ್ಷಣ ಕಚ್ಚಬೇಕು. ಮಂಡಕ್ಕಿ ಗರಿಗರಿ ಇರುವುದೂ ಐದೇ ನಿಮಿಷ, ಫೋಟೋ ತೆಗೆಯುತ್ತ ಕೂತರೆ ಮೆತ್ತಗಾಗುತ್ತೆ. ಮೊದಲ ದಿನ ಮಗಳ ಮುಖ ನೋಡಿ "ಖಾರ ಕಮ್ಮಿ ಹಾಕ್ಲೇನವ್ವಾ?" ಅಂದರು. ನಾಲ್ಕನೇ ದಿನ ಅವಳೇ "ಅಜ್ಜಾ, ಖಾರ ಹಾಕಿ" ಅಂದಳು. ಹಣೆಯ ಮೇಲೆ ಬೆವರು ಮೂಡುತ್ತೆ, ಗಲ್ಲಿಯ ತುದಿಯಿಂದ ಗಾಳಿ ಬೀಸುತ್ತೆ, ಮೈಯೆಲ್ಲ ತಣ್ಣಗಾಗುತ್ತೆ. ಮೇಲೊಂದು ನಿಂಬೆ ಸೋಡಾ. ಮೂವರಿಗೆ 130 ರೂಪಾಯಿ.

ನಡುವಿನ ದಿನಗಳು ನೆಂಟರ ಮನೆ, ಸೀರೆ ಅಂಗಡಿ, ನಿಮಗದು ಬೇಡ. ನಮ್ಮಮ್ಮನ ಮನೆಯಲ್ಲಿ ಎಸಿ ಇಲ್ಲ. ಹನ್ನೆರಡರಿಂದ ನಾಲ್ಕರವರೆಗೆ ಕಿಟಕಿ ಮುಚ್ಚಿ, ಮಜ್ಜಿಗೆ ಕುಡಿದು ರೆಡ್ ಆಕ್ಸೈಡ್ ನೆಲದ ಮೇಲೆ ಮಲಗುವುದು. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಸುರಿದು ರಾತ್ರಿ ಅಲ್ಲೇ ಹಾಸಿಗೆ. ಮೊದಲ ದಿನ ಮಗಳು ಜರ್ಮನಿ ಅಭ್ಯಾಸದಲ್ಲಿ ಮಟಮಟ ಮಧ್ಯಾಹ್ನ ಮಾಳಿಗೆಯ ಮೇಲೆ ಬಿಸಿಲು ಕಾಯಿಸಲು ಹೋಗಿ ಅಜ್ಜಿಯಿಂದ ಬೈಸಿಕೊಂಡಳು. ಮಾರನೆಯ ಬೆಳಗ್ಗೆ ಅಜ್ಜಿ ಚಕ್ಕುಲಿ ಒರಳಿನಿಂದ ಸಂಡಿಗೆ ಒತ್ತುತ್ತಿದ್ದಾಗ "ಸ್ಪಗೆಟ್ಟಿ ಐಸ್!" ಅಂತ ಕೂಗಿದಳು. ಐಸ್‌ಕ್ರೀಮನ್ನು ಶಾವಿಗೆಯ ಹಾಗೆ ಒತ್ತಿ, ಮೇಲೆ ಸ್ಟ್ರಾಬೆರಿ ಸಾಸ್ ಸುರಿಯುವ ಆ ತಿಂಡಿ 1969ರಲ್ಲಿ ಹುಟ್ಟಿದ್ದೇ ನಮ್ಮ ಮಾನ್‌ಹೈಮ್‌ನಲ್ಲಿ. ಅಜ್ಜಿಗೆ ವಿವರಿಸಿದಳು. "ಒರಳಿಗೆ ಐಸು ಹಾಕ್ತಾರಾ? ಹಾಳಾಗಲ್ವಾ?" ಅಂತ ಅಜ್ಜಿಗೆ ಒರಳಿನದೇ ಚಿಂತೆ. ಕಾಗೆ ಕಾಯುವ ಕೆಲಸ ಮಗಳಿಗೇ ಬಿತ್ತು.

ವಾಪಸ್ ಹೋಗುವವರಿಗೆ ಒಂದು ಮಾತು. ಯುರೋಪಿಗೆ ಬೆಣ್ಣೆ, ತುಪ್ಪ, ಪೇಡ ಒಯ್ಯುವಂತಿಲ್ಲ. ಸರ್ಟಿಫಿಕೇಟ್ ಇಲ್ಲದೆ ಮಾವಿನಹಣ್ಣೂ ಇಲ್ಲ, ಆಸೆಪಟ್ಟು ಕಟ್ಟಿಕೊಂಡರೆ ಏರ್‌ಪೋರ್ಟಿನ ಕಸದಬುಟ್ಟಿಗೆ. ನಾನು ಸಂಡಿಗೆ ಒಂದು ಡಬ್ಬಿ ಇಟ್ಟು, ಮಿಕ್ಕ ಜಾಗಕ್ಕೆಲ್ಲ ಮಂಡಕ್ಕಿ ತುಂಬಿದೆ. ಚೆಕ್-ಇನ್ ಹುಡುಗಿ ಅಷ್ಟು ದೊಡ್ಡ ಸೂಟ್‌ಕೇಸನ್ನು ತೂಕಕ್ಕಿಟ್ಟು, ನಂಬಿಕೆಯಾಗದೆ ಎತ್ತಿ ಇನ್ನೊಂದು ಸಲ ಇಟ್ಟಳು. ಒಂಬತ್ತು ಕೆಜಿ.